ಗೋಡೆಯಿಲ್ಲದ ಬಾಗಿಲು

ಫೋಗೊ ದ್ವೀಪದ ಬೆಂಕಿಬೆಟ್ಟ ಬಾಯಿಬಿಟ್ಟು, ಕೆಂಡದ ಹೊಳೆ ಊರಿನತ್ತ ತೆವಳಿ ಬಂದಾಗ ದೊಮಿತಿಲಾ ಮಂಚ, ಪಾತ್ರೆ ಯಾವುದನ್ನೂ ಮುಟ್ಟಲಿಲ್ಲ. ಅಲ್ಲಿಯವರೆಲ್ಲ ಮಾಡುವ ಹಾಗೆ ಮೊದಲು ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಕತ್ತೆಯ ಮೇಲೆ ಹೇರಿದಳು. ಅವಳ ಅಜ್ಜಿಯೂ ಅದೇ ಬಾಗಿಲನ್ನು ಹೀಗೆಯೇ ಹೊತ್ತು ಓಡಿದ್ದಳಂತೆ.

ಹೊಳೆ ಹೆಪ್ಪುಗಟ್ಟಿ ಆದ ಕಲ್ಲು ಪೂರ್ತಿ ತಣಿಯುವ ಮುಂಚೆಯೇ ಅವಳು ಹಿಂದಿರುಗಿದಳು. ಹೂತುಹೋದ ಮನೆಯ ನೆತ್ತಿಯ ಮೇಲೆ, ಕರಿಕಲ್ಲಿನ ನಡುವೆ ಬಾಗಿಲನ್ನು ನಿಲ್ಲಿಸಿದಳು. ಸುತ್ತ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಬಿರುಕುಗಳಿಂದ ಮೆಲ್ಲಗೆ ಹಬೆ ಏಳುತ್ತಿತ್ತು. ಬಾಗಿಲು ಮೋಡದಲ್ಲಿ ತೇಲಿದಂತೆ ಕಾಣುತ್ತಿತ್ತು. ಅದರ ಹಿಂದೆ ಬೆಚ್ಚನೆಯ ಕಲ್ಲಿನ ಮೇಲೆ ಕಾಲು ಚಾಚಿ ಅವಳು ಕನಸು ಕಾಣುವವಳಂತೆ ಕೂತಳು.

ನೆರೆಯ ಜಿಲ್ದು ನಕ್ಕ. "ಯಾವ ಕಳ್ಳ ಬರ್ತಾನೆ ಅಂತ ಚಿಲಕ ಹಾಕ್ಕೊಂಡು ಕೂತಿದೀಯಕ್ಕಾ?"

"ನೀನೇ ಕಣೋ. ನನ್ನ ದ್ರಾಕ್ಷಾರಸ ಎಷ್ಟು ಸಲ ಕದ್ದು ಕುಡಿದಿಲ್ಲ?"

ಮಧ್ಯಾಹ್ನ ಸರ್ಕಾರದ ಅಧಿಕಾರಿಯೊಬ್ಬ ಬಂದ. ಇಲ್ಲಿ ಇನ್ನು ಯಾರ ಮನೆಯೂ ಇಲ್ಲ, ಎಲ್ಲರೂ ಕಡಲ ದಂಡೆಯ ಹೊಸ ಕಾಲೊನಿಗೆ ಇಳಿಯಬೇಕು ಎಂದು ಹೇಳಲು ಬಂದವನು. ದ್ರಾಕ್ಷಿ ಬೆಳೆಯದ ಆ ದಂಡೆ ದೊಮಿತಿಲಾಳಿಗೆ ಬೇಕಿರಲಿಲ್ಲ. ಅಧಿಕಾರಿ ಬಾಗಿಲನ್ನು ಸುತ್ತುಹಾಕಿ ಪಕ್ಕದಿಂದ ಬಂದ.

"ನಿಲ್ಲಯ್ಯ! ಗೋಡೆ ತೂರ್ಕೊಂಡು ಬರೋಕೆ ನೀನೇನು ದೆವ್ವಾನಾ? ಬಾಗಿಲು ಇರೋದು ಯಾಕೆ?"

ಅವನು ತಬ್ಬಿಬ್ಬಾದ. ಹಿಂದಕ್ಕೆ ಹೋಗಿ, ಟೋಪಿ ತೆಗೆದು, ಬಾಗಿಲು ತಟ್ಟಿದ.

ದೊಮಿತಿಲಾ ಚಿಲಕ ಸರಿಸಿದಳು. "ನಂಗೆ ಮನೆ ಇಲ್ಲ ಅಂತ ಹೇಳೋಕೆ ಬಂದೆ ತಾನೆ? ಹೇಳು ಮತ್ತೆ."

ಅವನು ಹೊಸ್ತಿಲಾಚೆಯೇ ನಿಂತು ಕೇಳಿದ: "ಒಳಗೆ ಬರ್ಲಾ, ಅಮ್ಮಾ?"