ಸುಳ್ಳು ಹೇಳಿದ ಬಾಯಿಗೆ ಹುಳ

ಬೆಣ್ಣೆ ತಿಂದವಳು ನಾನೇ. ಊರು ಹೋಗು ಅನ್ನುವ, ಕಾಡು ಬಾ ಅನ್ನುವ ಈ ವಯಸ್ಸಿನಲ್ಲಿ ಅದನ್ನು ಹೇಳಲು ನನಗೆ ಯಾರ ಹೆದರಿಕೆ?

ಐವತ್ತರ ದಶಕದ ಮಾತು. ರಾಜೂರಿನ ಆ ಮನೆಗೆ ನಾನು ಹಿರಿಯ ಸೊಸೆ, ಚೊಚ್ಚಲ ಬಸುರಿ. ಬಾಯಿಚಪಲ ತಡೆಯಲಾಗದೆ ನೆಲುವಿನ ಬೆಣ್ಣೆ ಗಡಿಗೆಗೆ ಕೈ ಹಾಕಿದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಾಗಿಲಲ್ಲಿ ನಿಂತು ನೋಡಿದಳು. ಸಂಜೆ ಅತ್ತೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಇದ್ದದ್ದು ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು. ನಾನು ಅಂಗಳಕ್ಕಿಳಿದು, ಓಣಿಯವರೆಲ್ಲ ನೋಡುವಂತೆ ಹಿಡಿಮಣ್ಣು ತೂರಿದೆ.

"ಸುಳ್ಳ ಹೇಳಿದ ಬಾಯಾಗ ಹುಳಾ ಬೀಳ್ಲಿ."

ಅತ್ತೆ ತುಟಿ ಬಿಚ್ಚಲಿಲ್ಲ. ಓಣಿಯವರು ನನ್ನನ್ನೇ ನಂಬಿದರು. ಸುಳ್ಳು ಶಾಪ ತಿರುಗಿ ಹೊಟ್ಟೆಯ ಕೂಸಿಗೇ ತಗಲುತ್ತದೆ, ಬಸುರಿ ಹೆಂಗಸು ಸುಮ್ಮಸುಮ್ಮನೆ ಮಣ್ಣು ತೂರುವುದಿಲ್ಲ ಎಂಬುದು ಅವರ ಲೆಕ್ಕ.

ಆ ಮಳೆಗಾಲ ನೊಣಗಳ ಕಾಟ ವಿಪರೀತ. ನಮ್ಮ ಎತ್ತಿನ ಹೆಗಲ ಗಾಯದಲ್ಲಿ ಹುಳ ಬಿದ್ದವು. ಮಾವ ಗುಡ್ಡದಿಂದ ಸೀತಾಫಲದ ಎಲೆ ತಂದು, ಅರೆದು ಗಾಯಕ್ಕೆ ತುಂಬಿದರು. ಹುಳ ಉದುರಿ, ಕೆಲವು ದಿನಗಳಲ್ಲಿ ಗಾಯ ಮಾಯಿತು.

ಅದೇ ಹೊತ್ತಿಗೆ ನೆಗೆಣ್ಣಿ ಮೂಗಿಗೆ ಸೆರಗು ಹಿಡಿದಳು. ಮೂಗು ಕೊಳೆಯುವ ಬೇನೆ ಆಕೆಗೆ ಮೊದಲಿನಿಂದಲೂ ಇತ್ತು. ನೆಗಡಿ ಎಂದಳು, ತಲೆನೋವು ಎಂದಳು. ಜೋಳ ಬೀಸುವಾಗ ಬೀಸುಕಲ್ಲಿನ ಮೇಲೆ ಮೂಗಿನ ರಕ್ತ ತೊಟ್ಟಿಕ್ಕಿತು; ಒರೆಸಿ ಮತ್ತೆ ಬೀಸಿದಳು. ಪಕ್ಕದಲ್ಲಿ ಕೂತರೆ ಸೆರಗಿನಾಚೆಗೂ ನಾತ ಬರುತ್ತಿತ್ತು; ಎತ್ತಿನ ಗಾಯದ ನಾತವೇ ಅದು ಎಂದು ನನಗೆ ತಿಳಿಯಿತು. ಯಾಕೆ ಮುಚ್ಚಿಡುತ್ತಿದ್ದಾಳೆ ಎಂಬುದೂ ತಿಳಿಯಿತು. ಹುಳ ಬಿದ್ದದ್ದು ಗೊತ್ತಾದರೆ ಊರೆಲ್ಲ ಆಕೆಯನ್ನು ಸುಳ್ಳಿ ಎನ್ನುತ್ತಿತ್ತು. ಬೆಣ್ಣೆ ತಿಂದದ್ದು ನಾನು ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ನನ್ನ ಬಾಯಿಗೆ ಇಷ್ಟು ಬಲವಿದೆಯೇ ಎಂದು, ಹಾಳಾದವಳು ನಾನು, ಹೆದರಿಕೆಯ ಜೊತೆ ಒಂದಿಷ್ಟು ಹೆಮ್ಮೆಯನ್ನೂ ಪಟ್ಟೆ.

ಆಕೆಯ ಕಣ್ಣು ಬಾತು ಮುಚ್ಚಿಕೊಂಡ ಮೇಲೆ ಗಾಡಿ ಕಟ್ಟಿ ಗಜೇಂದ್ರಗಡದ ದವಾಖಾನೆಗೆ ಒಯ್ದರು. ಜೊತೆಗೆ ನಾನೂ ಹೋದೆ. ಡಾಕ್ಟರು ಚಿಮಟದಿಂದ ಒಂದೊಂದೇ ಹುಳ ತೆಗೆದರು. ಅಂಗುಳ ತೂತಾಗಿತ್ತು. ನೊಣ ತತ್ತಿ ಇಟ್ಟದ್ದಕ್ಕೆ ಪಾಪ ಪುಣ್ಯ ಏನೂ ಇಲ್ಲ, ಎಂಟು ದಿನ ಮೊದಲೇ ತರಲು ನಿಮಗೇನಾಗಿತ್ತು ಎಂದು ನಮ್ಮನ್ನು ಬೈದರು. ಅವರು ಅತ್ತ ಹೋದ ಮೇಲೆ ಆಕೆ ನನ್ನ ಕೈ ಹಿಡಿದಳು. ಮಾತು ಮೂಗಿನಲ್ಲಿ ಸೋರುತ್ತಿತ್ತು.

"ಅಕ್ಕಾ, ನಾ ಸುಳ್ಳ ಹೇಳಿಲ್ಲಂತ ಅತ್ತಿ ಮುಂದ ಒಂದ್ ಮಾತ ಹೇಳ್ರಿ."

ಆಗಲಿ ಎಂದೆ. ಮೂರನೆಯ ದಿನ ಆಕೆ ತೀರಿಕೊಂಡಳು.

ಮಣ್ಣು ಮಾಡಿ ಬಂದ ಸಂಜೆ ಅತ್ತೆಯ ಕಾಲು ಹಿಡಿದು ಎಲ್ಲ ಹೇಳಿದೆ. ಹೊಡೆಯಲಿ, ತವರಿಗೆ ಅಟ್ಟಲಿ ಎಂದುಕೊಂಡೇ ಹೇಳಿದೆ. ಅತ್ತೆ ಒಲೆಯ ಕಡೆ ನೋಡುತ್ತಾ ಕುಳಿತಿದ್ದಳು.

"ನನಗ ಅವತ್ತ ಗೊತ್ತಾಗಿತ್ತು. ನಿನ್ನ ಸೆರಗಿಗೆ ಬೆಣ್ಣಿ ಹತ್ತಿತ್ತು. ಬಸರಿ ಬಯಕಿ, ತಿಂದರ ತಿಂದಳು ಅಂತ ಸುಮ್ನ ಕುಂತೆ."

ಇಬ್ಬರಿಗೂ ಗೊತ್ತಿತ್ತು. ನಮ್ಮಲ್ಲಿ ಒಬ್ಬಳು ಬಾಯಿ ಬಿಟ್ಟಿದ್ದರೂ ಆಕೆ ಸೆರಗು ತೆಗೆದು ಮೂಗು ತೋರಿಸುತ್ತಿದ್ದಳು.