ಬೆಂಗಳೂರು ಸುತ್ತಿ ಹೋಗದ ಕರೆ

ಹಿರಿಯೂರಿನ ಹೊರಗಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎರಡು ವರ್ಷ ಹಾಜರಿ ನೋಡಿಕೊಳ್ಳುವ ಕೆಲಸ ಮಾಡಿದೆ. ಹೊಲಿಗೆ ಹಾಲಿನ ಮೂಲೆಯಲ್ಲಿ ನನ್ನ ಮೇಜು. ಮೊಬೈಲುಗಳನ್ನು ಎಲ್ಲರೂ ಗೇಟಿನಲ್ಲೇ ಕೊಟ್ಟು ಬರಬೇಕಿತ್ತು. ಮೇಜಿನ ಫೋನಿನಿಂದ ಹೊರಗೆ ಮಾತಾಡಬೇಕೆಂದರೆ ಕರೆ ಮೊದಲು ಬೆಂಗಳೂರಿನ ಮುಖ್ಯ ಕಚೇರಿಗೆ ಹೋಗುತ್ತಿತ್ತು. ಅಲ್ಲಿನ ಆಪರೇಟರ್ ಯಾರಿಗೆ, ಯಾಕೆ ಎಂದು ಕೇಳಿ ಲೈನ್ ಕೊಡುತ್ತಿದ್ದಳು. ಎದುರಿನ ಬೇಕರಿಗೆ ಮಾಡಿದರೂ ಅವರಿಗೆ ಕಾಣುತ್ತಿದ್ದುದು ಬೆಂಗಳೂರಿನ ನಂಬರ್.

ಈ ಸುತ್ತುದಾರಿ ಒಬ್ಬಳಿಗೆ ಮಾತ್ರ ಅನುಕೂಲವಾಗಿತ್ತು. ಕಾಲರ್ ಹೊಲಿಯುವ ಸಾಲಿನ ಆಕೆ ಗಂಡನ ಹೊಡೆತ ತಾಳದೆ ಹೊಸದುರ್ಗದ ಕಡೆಯಿಂದ ಓಡಿ ಬಂದವಳು. ಹಳೆಯ ಸಿಮ್ ಮುರಿದು ಹಾಕಿದ್ದಳು. ತಿಂಗಳಿಗೊಮ್ಮೆ ಊಟದ ಬಿಡುವಿನಲ್ಲಿ ನನ್ನ ಮೇಜಿನಿಂದ ಬಾಗೂರಿನ ತಾಯಿಯೊಡನೆ ಎರಡು ನಿಮಿಷ ಮಾತಾಡುತ್ತಿದ್ದಳು. ತಾನಿರುವ ಊರನ್ನು ತಾಯಿಗೂ ಹೇಳಿರಲಿಲ್ಲ.

"ವಾರಕ್ಕೊಂದ್ಸಲ ಬಂದು ಅವ್ವನ ಫೋನ್ ಕಿತ್ಕಂಡು ನೋಡ್ತಾನಂತೆ ಮೇಡಂ. ಬೆಂಗಳೂರು ನಂಬರ್ ಐತಲ್ಲ, ಎರಡು ಸಲ ಹೋಗಿ ಅಲೆದು ಬಂದವ್ನೆ. ಅಲೀಲಿ ಬಿಡ್ರಿ, ಹೊಟ್ಟೆನಾದ್ರೂ ಕರಗ್ತೈತೆ."

ನಾನೂ ನಕ್ಕಿದ್ದೆ.

ಒಂದು ದಿನ ಆಪರೇಟರ್ ಲೈನ್ ಕೊಡಲಿಲ್ಲ. "ಆಡಿಟ್ ನಡೀತಿದೆ ಮೇಡಂ, ಈ ವಾರ ಪರ್ಸನಲ್ ಕಾಲ್ ಕೊಡೋ ಹಾಗಿಲ್ಲ."

ಆಕೆ ಹೋಗದೆ ನಿಂತೇ ಇದ್ದಳು. "ನಾಳೆ ಅವ್ವನ್ನ ಚಿತ್ರದುರ್ಗಕ್ಕೆ ಕರ್ಕಂಡು ಹೋಗ್ತಾರ್ರೀ, ಕಣ್ಣಿನ ಆಪರೇಷನ್‌ಗೆ. ಹೆದರ್ಕಂಡೈತೆ. ಒಂದು ಮಾತು ಧೈರ್ಯ ಹೇಳ್ಬೇಕಿತ್ತು."

ಬೆಂಕಿ, ಆಂಬುಲೆನ್ಸ್ ಎಂಬ ತುರ್ತಿಗಾಗಿ ಕಾರ್ಖಾನೆಗೆ ಹಿರಿಯೂರಿನದೇ ಒಂದು ಲೈನ್ ಇತ್ತು. ರಿಪೇರಿಗೆ ಬಂದ ಟೆಕ್ನಿಷಿಯನ್ ಒಂದು ಸ್ಟಾರ್, ಮೂರು ಅಂಕಿ ಒತ್ತಿ, ಬೆಂಗಳೂರನ್ನು ತಪ್ಪಿಸಿ ಅದನ್ನು ಹಿಡಿದದ್ದನ್ನು ನೋಡಿಟ್ಟುಕೊಂಡಿದ್ದೆ. ಅವನ್ನೇ ಒತ್ತಿದೆ. ಸಿಕ್ಕಿಬಿದ್ದರೆ ಮ್ಯಾನೇಜರಿಗೆ ಏನು ಹೇಳಬೇಕೆಂಬುದನ್ನೂ ಯೋಚಿಸಿಕೊಂಡಿದ್ದೆ.

ಆಕೆ ಮಾತಾಡಿ ರಿಸೀವರ್ ಇಟ್ಟಳು. "ಇವತ್ತು ಲೈನ್ ಭಾಳ ಕ್ಲಿಯರ್ ಐತ್ರೀ. ಅವ್ವ ಇಲ್ಲೇ ಪಕ್ಕದಾಗೆ ಕುಂತು ಮಾತಾಡ್ದಂಗಿತ್ತು."

ಆಗ ಹೊಳೆಯಿತು. ಬಾಗೂರಿನ ಆ ಫೋನಿನಲ್ಲಿ ಈಗ ಹಿರಿಯೂರಿನ ಕೋಡ್ ಇರುವ ನಂಬರ್ ಉಳಿದಿದೆ. ಹೇಳಬೇಕೆಂದು ಬಾಯಿ ತೆರೆದೆ. ಅವಳ ಮುಖದಲ್ಲಿ ಸಮಾಧಾನವಿತ್ತು. ಆಸ್ಪತ್ರೆಯ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ ಎಂದುಕೊಂಡು ಸುಮ್ಮನಾದೆ.

ನಾಲ್ಕನೆಯ ದಿನ ಮಧ್ಯಾಹ್ನ ಆ ಹಿರಿಯೂರಿನ ಲೈನಿಗೆ ಕರೆ ಬಂದು ನನ್ನ ಮೇಜಿನ ಫೋನ್ ರಿಂಗಾಯಿತು. ಅದಕ್ಕೆ ಹೊರಗಿನಿಂದ ಯಾರೂ ಮಾಡುತ್ತಿರಲಿಲ್ಲ.

"ನಮಸ್ಕಾರ ಅಕ್ಕಾ," ಎಂದಿತು ಮೆತ್ತನೆಯ ಗಂಡಸಿನ ದನಿ. "ಇದು ಹಿರಿಯೂರಾಗೆ ಎಲ್ಲಿ ಬರ್ತೈತೆ?"

ನನ್ನ ಹಿಂದೆ ಇನ್ನೂರು ಮೆಷಿನ್‌ಗಳು ಓಡುತ್ತಿದ್ದವು.

"ಮಿಷನ್ ಸದ್ದು ಕೇಳ್ತೈತೆ. ಗಾರ್ಮೆಂಟ್ಸಾ?" ಸ್ವಲ್ಪ ಹೊತ್ತು ಕೇಳಿಸಿಕೊಂಡ. "ಆಗ್ಲಿ ಅಕ್ಕಾ, ಇಡ್ತೀನಿ."

ಅವಳ ಸಾಲಿಗೆ ಹೋಗಿ ಎಲ್ಲ ಹೇಳಿದೆ, ನಾಲ್ಕು ದಿನ ಸುಮ್ಮನಿದ್ದುದನ್ನೂ. ಆಕೆ ಕೈಯಲ್ಲಿದ್ದ ಕಾಲರನ್ನು ಕೊನೆಯವರೆಗೂ ಹೊಲಿದಳು.

"ಬೈದನಾ?"

"ಇಲ್ಲ. 'ನಮಸ್ಕಾರ ಅಕ್ಕಾ' ಅಂದ."

"ಹಂಗಾದ್ರೆ ಹೊರಟವ್ನೆ."

ಗೇಟ್ ಪಾಸ್ ಬರೆದೆ. ಕಾರಣದ ಜಾಗದಲ್ಲಿ 'ಜ್ವರ' ಎಂದು ಹಾಕಿದೆ. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಆಕೆ ಚಪ್ಪಲಿ ಮೆಟ್ಟುತ್ತ ನನ್ನತ್ತ ನೋಡಿದಳು.

"ನಿಮ್ಗೂ ಬ್ಯಾಡ ಬಿಡ್ರಿ ಮೇಡಂ." ದನಿಯಲ್ಲಿ ಸಿಟ್ಟಿರಲಿಲ್ಲ.

ನಾಲ್ಕು ಗಂಟೆಗೆ ಅವನು ಗೇಟಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಆಕೆಯ ಹೆಸರು ಹೇಳಿ ಕೇಳಿದ; ಆ ಹೆಸರಿನವರು ಇಲ್ಲಿಲ್ಲ ಎಂದೆ. ಅದೇ ಮೆತ್ತನೆಯ ದನಿಯಲ್ಲಿ, "ಇರ್ಲಿ ಅಕ್ಕಾ, ಡ್ಯೂಟಿ ಬಿಡೋಗಂಟ ಕಾಯ್ತೀನಿ," ಎಂದು ಎದುರಿನ ಹೊಂಗೆಯ ನೆರಳಿನಲ್ಲಿ ಕುಳಿತ. ಹೊರಬರುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದ. ಮರುದಿನವೂ ಬಂದ. ವಾರವಿಡೀ ಬಂದ. ದಿನಾ ನನಗೆ ಕೈಮುಗಿಯುತ್ತಿದ್ದ.

ಆಮೇಲೆ ಒಂದು ದಿನ ಬರಲಿಲ್ಲ. ಬೇಸತ್ತು ಬಿಟ್ಟನೋ, ಮತ್ತೆಲ್ಲಿಂದಾದರೂ ಸುಳಿವು ಸಿಕ್ಕಿತೋ ತಿಳಿಯದು. ಬಾಗೂರಿನ ನಂಬರ್ ನನಗೆ ಈಗಲೂ ಬಾಯಿಗೆ ಬರುತ್ತದೆ. ಮಾಡಿ ಕೇಳಬಹುದು. ಆ ಫೋನ್ ಯಾರ ಕೈಯಲ್ಲಿರುತ್ತದೋ ಎಂದು ಮಾಡಿಲ್ಲ.