ಗಣಿತದ ಟೀಚರನ್ನು ಹೋಟೆಲಿನ ಅಕ್ಕ ಮಾಡಿದವರಿಗೆ

ಹತ್ತನೆಯ ತರಗತಿಯ ಗಣಿತವನ್ನು ಕಳೆದುಕೊಂಡವರು ಕಸ್ತೂರಿ ಟೀಚರ್. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ಬೇರೆ ಯಾರೂ ಏನನ್ನೂ ಕಳೆದುಕೊಂಡಿಲ್ಲ. ನಾಗಪುರದ ವರ್ಧಾ ರಸ್ತೆಯ ಆ ಹೊಸ ಹೋಟೆಲಿನಲ್ಲಿ ಭಾನುವಾರ ಕೂರಲು ಜಾಗವಿಲ್ಲ. ಹೋಟೆಲಿಗೆ ಪ್ರಚಾರದ ತಂತ್ರ ಹೇಳಿಕೊಟ್ಟ ತರುಣನಿಗೆ ಇನ್ನೊಂದು ಹೋಟೆಲಿನಿಂದ ಕರೆ ಬಂದಿದೆ. ನಮ್ಮ ಕನ್ನಡ ಸಂಘ ಸಂಕ್ರಾಂತಿಯ ಎಳ್ಳುಬೆಲ್ಲದ ತಯಾರಿಯಲ್ಲಿ ಮುಳುಗಿದೆ.

ಬೋರ್ಡ್ ಪರೀಕ್ಷೆ ಹತ್ತಿರ ಬಂದಿರುವಾಗ, ಜೂನ್‌ನಿಂದ ತಾವೇ ಕಲಿಸಿದ ಮಕ್ಕಳನ್ನು ಬೇರೊಬ್ಬರಿಗೆ ಒಪ್ಪಿಸಿ ಸ್ಟಾಫ್ ರೂಮಿನಲ್ಲಿ ಕುಳಿತಿರುವವರು ಟೀಚರ್ ಒಬ್ಬರೇ.

ಅವರು ಮಾಡಿದ ಅಪರಾಧವೇನು? ರೊಟ್ಟಿ ಬಡಿದದ್ದು.

ಲಕ್ಷ್ಮೀ ನಗರದಲ್ಲಿ ನಮ್ಮ ಎದುರು ಮನೆ ಅವರದು. ಬಿಜಾಪುರದ ಕಡೆಯವರು. ಯಜಮಾನರು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿದ್ದಾರೆ, ಟೀಚರ್ ಒಂದು ಅನುದಾನಿತ ಶಾಲೆಯಲ್ಲಿ. ಕಳೆದ ರಾಜ್ಯೋತ್ಸವಕ್ಕೆ ಸಂಘದ ಊಟದ ಜವಾಬ್ದಾರಿ ಎಂದಿನಂತೆ ಹೆಂಗಸರಿಗೆ ಬಂತು. (ಭಾಷಣದ ಜವಾಬ್ದಾರಿ ಎಂದಿನಂತೆ ಗಂಡಸರಿಗೆ.) ಟೀಚರ್ ಜೋಳದ ರೊಟ್ಟಿಗೆ ಕುಳಿತರು. ಯಾರೋ ಏನೋ ತಮಾಷೆ ಮಾಡಿದರು, ಅವರು ತಲೆಯೆತ್ತಿ ನಕ್ಕರು, ಕೆನ್ನೆಯ ಮೇಲೆ ಹಿಟ್ಟು. ಆ ಕ್ಷಣಕ್ಕೆ ಸರಿಯಾಗಿ ಕ್ಯಾಮೆರಾ ಕ್ಲಿಕ್ ಎಂದಿತು.

ಕ್ಯಾಮೆರಾ ಹಿಡಿದಿದ್ದವನು ಪ್ರಸನ್ನ. ನಾಗಪುರದಲ್ಲೇ ಹುಟ್ಟಿ ಬೆಳೆದವನು, ಎಂಬಿಎ ಮುಗಿಸಿದವನು, ಕನ್ನಡದ ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುವವನು. ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಸಂಘದ ಹೆಸರಿನಲ್ಲಿ ಹಾಕುವ ಕೆಲಸವನ್ನು ಸಂಘವೇ ಅವನಿಗೆ ವಹಿಸಿತ್ತು. ಫೋಟೋದಲ್ಲಿರುವವರನ್ನು ಕೇಳಬೇಕೆಂದು ಸಂಘ ಅವನಿಗೆ ಹೇಳಲಿಲ್ಲ. ನಮ್ಮಲ್ಲಿ ಯಾರು ಕೇಳುತ್ತಾರೆ ಹೇಳಿ?

ಡಿಸೆಂಬರಿನಲ್ಲೊಂದು ದಿನ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಹೇಳಿದಳಂತೆ: “ಮ್ಯಾಡಮ್, ತುಮಚಂ ಹಾಟೇಲ್ ಮಸ್ತ್ ಆಹೆ!” ನಿಮ್ಮ ಹೋಟೆಲು ಬಹಳ ಚೆನ್ನಾಗಿದೆ ಎಂದು. ಟೀಚರ್ ಅದನ್ನು ಪಾಠ ತಪ್ಪಿಸುವ ಹೂಟ ಎಂದುಕೊಂಡು ಅವಳನ್ನೇ ಬೋರ್ಡಿಗೆ ಕರೆದು ಪ್ರಮೇಯ ಸಾಧಿಸಲು ಹೇಳಿದರು. ಮರುದಿನ ಇನ್ನೊಬ್ಬಳು ಅದನ್ನೇ ಹೇಳಿದಳು. ಆಗ ನಮ್ಮ ಮನೆಗೆ ಬಂದರು. ಇಬ್ಬರೂ ಚೌಕದ ಸೈಬರ್ ಕೆಫೆಗೆ ಹೋದೆವು.

ಈಗಿನ ಯುವಕರು ಗೆಳೆಯರನ್ನು ಕೂಡಿಸುವ, ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರು ಬರೆಯುವ ತಾಣಗಳನ್ನು ನೀವು ಬಲ್ಲಿರಿ. ನೀವಲ್ಲದಿದ್ದರೆ ನಿಮ್ಮ ಮಕ್ಕಳು ಬಲ್ಲರು. ಅಲ್ಲಿ ನಮ್ಮ ಟೀಚರ್ ಇದ್ದರು. ಅದೇ ನಗು, ಅದೇ ಹಿಟ್ಟು. ಹೆಸರು: ಅಕ್ಕಾ. ಊರು: ನಾಗಪುರ. ಹವ್ಯಾಸ: ಪ್ರೀತಿಯಿಂದ ಬಡಿಸುವುದು. ನನ್ನ ಇಡೀ ಬಂಧುಬಳಗಕ್ಕಿಂತ ದೊಡ್ಡದು ಅಕ್ಕನ ಗೆಳೆಯರ ಬಳಗ. ಕೆಳಗೆ ಹಿಂದಿಯಲ್ಲಿ ಸಂಭಾಷಣೆ. ಯಾರೋ ಕೇಳಿದ್ದಾರೆ: ಅಕ್ಕಾ, ಭಾನುವಾರ ದೋಸೆಗೆ ಆಫರ್ ಇದೆಯೇ? ಉತ್ತರ: ಇದೆ ಬೇಟಾ, ನನ್ನ ಹೋಟೆಲಿಗೆ ಜಲ್ದಿ ಬಾ. ಶನಿವಾರದ ಪ್ರಕಟಣೆ: ಇಂದು ನಿಮ್ಮ ಅಕ್ಕನ ಕೈಯ ಖಾರ ಸಾವಜಿ ಮಟನ್. ಇನ್ನೊಬ್ಬ ಪುಂಡ ಕೇಳಿದ್ದಾನೆ: ಅಕ್ಕಾ, ನಿಮಗೊಬ್ಬ ಮಗಳಿದ್ದಾಳೆಯೇ? ಅದಕ್ಕೆ ಉತ್ತರ: ಹೋಟೆಲಿಗೆ ಬಂದು ನೋಡು. ಮುಂದೊಂದು ನಗುವ ಗುಂಡು ಮುಖ.

ಟೀಚರ್ ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ಓದಿದರು. ಆಮೇಲೆ ನನ್ನ ಕಡೆ ತಿರುಗಿ (ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ) ಕೇಳಿದರು: “ಇಕಿ ಯಾರ್ರೀ ವೈನಿ? ನನ್ನ ಮಾರಿ ಇಟ್ಕೊಂಡು ಇಷ್ಟೆಲ್ಲ ಮಾತಾಡಾಕತ್ತಾಳ?”

ಅಕ್ಕನ ಪರವಾಗಿ ಮಾತಾಡುತ್ತಿದ್ದವನು ಫೋಟೋ ತೆಗೆದ ಪ್ರಸನ್ನನೇ; ಹೋಟೆಲಿಗೆ ಪ್ರಚಾರದ ತಂತ್ರ ಹೇಳಿಕೊಟ್ಟ ತರುಣ ಅವನು. ನಾವು ಫೋನು ಮಾಡಿದ ಸಂಜೆಯೇ ಬಂದ. ಕೈಯಲ್ಲಿ ಸಂತ್ರಾ ಬರ್ಫಿಯ ಡಬ್ಬಿ ಹಿಡಿದು ಬಂದ! ಅಭಿನಂದಿಸಲು ಕರೆದಿದ್ದೇವೆ ಎಂದುಕೊಂಡಿದ್ದನೋ ಏನೋ.

“ಆಂಟಿ, ಹಾಟೇಲಿಗೆ ಯಾರೂ ದೋಸ್ತ್ ಆಗಂಗಿಲ್ರಿ. ಮನುಷ್ಯಾರಿಗೆ ಆಗ್ತಾರ. ಅದಕ್ಕ ಒಂದ್ ಚೆಹರಾ ಬೇಕಾಗಿತ್ತು. ನಿಮ್ಮದು ಏಕ್‌ದಮ್ ಘರೇಲೂ ಚೆಹರಾ. ಮಾರ್ಕೆಟಿಂಗ್‌ನಾಗ ಹಿಂಗಽ ಮಾಡ್ತಾರ್ರಿ, ಬರೋಬರ್ ಸ್ಟ್ರಾಟೆಜಿ ಐತಿ.”

“ನನ್ನ ಒಂದ್ ಮಾತು ಕೇಳಬೇಕಂತ ಅನಸಲಿಲ್ಲೇನೋ ತಮ್ಮಾ?”

“ಕೇಳಿದ್ರ ನೀವು ಬ್ಯಾಡ ಅಂತಿದ್ರಿ, ಆಂಟಿ.”

ಈ ಉತ್ತರವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಅವನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ. ಬೇಡ ಎನ್ನುತ್ತಾರೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಲಿಲ್ಲ. ಇದನ್ನು ತಂತ್ರ ಎಂದು ಕಲಿಸುವ ಕಾಲೇಜುಗಳಿಗೆ ನಾವು ಮಕ್ಕಳನ್ನು ಸಾಲ ಮಾಡಿ ಕಳಿಸುತ್ತಿದ್ದೇವೆಯೇ?

ಮುಂದಿನ ಕೆಲವು ದಿನ ನಾನು ಕೇಳಿಸಿಕೊಂಡ ಮಾತುಗಳು ಪ್ರಸನ್ನನ ಮಾತಿಗಿಂತ ಹೆಚ್ಚು ತಾಳ್ಮೆಗೆಡಿಸಿದವು. ಟೀಚರ ಯಜಮಾನರು ಪತ್ರಿಕೆಯ ಹಿಂದಿನಿಂದಲೇ ಹೇಳಿದರು: “ಫೋಟೋ ಚಲೋ ಬಂದೈತಿ ಬಿಡ್ರಿ, ಅದಕ್ಯಾಕ ಇಷ್ಟ್ ತಲಿ ಕೆಡಿಸ್ಕೋತೀರಿ?” ಸಂಘದ ಅಧ್ಯಕ್ಷರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: “ಮರಾಠಿ ಊರಿನಾಗ ನಮ್ಮ ಕನ್ನಡದ ಹೆಣ್ಮಗಳು ಇಷ್ಟು ಹೆಸರಾಗ್ಯಾಳಂದ್ರ ಅಭಿಮಾನ ಪಡಬೇಕ್ರಿ!” ಹೆಸರೇ? ಅವರ ಹೆಸರು ಅಲ್ಲಿ ಎಲ್ಲೂ ಇಲ್ಲವಲ್ಲ, ಅಧ್ಯಕ್ಷರೇ.

ಅಷ್ಟರಲ್ಲಿ ಸೊಲ್ಲಾಪುರದಿಂದ ಟೀಚರ ನಾದಿನಿಯ ಫೋನು. ಅವರ ಮಗ ಕಂಪ್ಯೂಟರಿನಲ್ಲಿ ನೋಡಿದ್ದನಂತೆ. “ವೈನಿ, ಹೊಟ್ಟಿಗೇನು ಕಡಿಮಿ ಆಗಿತ್ತಂತ ಈ ವಯಸ್ಸಿನಾಗ ಮಟನ್ ಮಾಡಾಕ ನಿಂತೀರಿ? ಲಿಂಗ ಹಿಡಿಯೋ ಕೈ ಅದು!” ಟೀಚರ್ ಅಂದು ಊಟ ಮಾಡಲಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಮಟನ್ ಬೇಯಿಸುವುದು ತಪ್ಪಲ್ಲ, ತಿನ್ನುವುದೂ ತಪ್ಪಲ್ಲ. ಈ ಊರಿನ ಸಾವಜಿ ಅಡುಗೆಗೆ ತನ್ನದೇ ಘನತೆಯಿದೆ, ಅದನ್ನು ಮಾಡುವ ಕೈಗಳಿಗೂ ಇದೆ. ಅಂಥ ಕೈಯೊಂದು ಆ ಹೋಟೆಲಿನ ಒಳಗೆ, ಒಲೆಯ ಮುಂದೆ, ನಿಜವಾಗಿ ದುಡಿಯುತ್ತಿದೆ. ಅದರ ಮುಖ ಯಾರಿಗೂ ಬೇಡವಾಯಿತು. ಗಿರಾಕಿಗಳಿಗೆ ತೋರಿಸಲು ಬೇರೆ ಮುಖ ಬೇಕಾಯಿತು. ಹಾಗಾದರೆ ಇಲ್ಲಿ ಅನ್ಯಾಯವಾದದ್ದು ಒಬ್ಬರಿಗಲ್ಲ, ಇಬ್ಬರಿಗೆ. ನಾದಿನಿಯವರ ಸಿಟ್ಟು ಮಟನ್ನಿನ ಮೇಲೆ ಹೋಗಿ ನಿಂತಿತು, ಸುಳ್ಳಿನ ಹತ್ತಿರಕ್ಕೂ ಬರಲಿಲ್ಲ.

ಆಮೇಲೆ ಬಂತು ಶಾಲೆಯ ಪೆಟ್ಟು.

ಯಾರೋ ಪಾಲಕರು ಅಕ್ಕನ ಪುಟವನ್ನು ಪ್ರಿಂಟ್ ತೆಗೆದು ಮುಖ್ಯಾಧ್ಯಾಪಕಿಯ ಮೇಜಿನ ಮೇಲಿಟ್ಟರು. ಅನುದಾನಿತ ಶಾಲೆಯ ಶಿಕ್ಷಕರು ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ನಿಯಮ ಸರಿಯಾದದ್ದೇ. ಆದರೆ ಆ ಹಾಳೆಯಲ್ಲಿ ಏನಿದೆ? ಟೀಚರ ಮುಖವಿದೆ, ಅದರ ಪಕ್ಕದಲ್ಲಿ “ನನ್ನ ಹೋಟೆಲಿಗೆ ಬಾ” ಎಂದಿದೆ. ಮುಖ್ಯಾಧ್ಯಾಪಕಿ ಕೆಟ್ಟವರಲ್ಲ. “ನನಗೆ ನಂಬಿಕೆಯಿದೆ ತಾಯಿ, ಕಮಿಟಿಗೆ ಕಾಗದ ಬೇಕು” ಎಂದರಂತೆ. ಹೋಟೆಲಿಗೂ ತಮಗೂ ಸಂಬಂಧವಿಲ್ಲ ಎಂದು ಹೋಟೆಲಿನವರಿಂದಲೇ ಬರೆಸಿ ತನ್ನಿ ಎಂದರು. ಅಲ್ಲಿಯವರೆಗೆ ಹತ್ತನೆಯ ತರಗತಿ ಬೇಡ. (ವಿಚಾರಣೆಗೆ ಮೊದಲೇ ಶಿಕ್ಷೆ! ಕೆಟ್ಟವರಲ್ಲದವರೂ ಇದನ್ನು ಮಾಡುತ್ತಾರೆ ಎಂಬುದನ್ನು ಗಮನಿಸಿ.)

“ತ್ರಿಕೋನಮಿತಿ ಅರ್ಧಕ್ಕ ಬಿಟ್ಟೀನ್ರೀ ವೈನಿ,” ಎಂದರು ಟೀಚರ್. ಬೇರೆ ದೂರು ಅವರ ಬಾಯಿಂದ ಬರಲಿಲ್ಲ. “ಆ ಹುಡುಗ್ರು ಎತ್ತರ-ದೂರದ ಲೆಕ್ಕದಾಗ ಬಾಳ ತಪ್ಪ ಮಾಡ್ತಾವ.”

ನಾವಿಬ್ಬರೂ ಆಟೋ ಹಿಡಿದು ವರ್ಧಾ ರಸ್ತೆಗೆ ಹೋದೆವು. ಬಾಗಿಲು ದಾಟುತ್ತಿದ್ದಂತೆ ಒಬ್ಬ ಮಾಣಿ ಕೂಗಿದ: “ಅಕ್ಕಾ ಆಲ್ಯಾ!” ಅಕ್ಕ ಬಂದರು ಎಂದು. ತಲೆಗಳೆಲ್ಲ ತಿರುಗಿದವು. ಇಬ್ಬರು ಕಾಲೇಜು ಹುಡುಗಿಯರು ಮೊಬೈಲು ಹಿಡಿದು ಪಕ್ಕದಲ್ಲಿ ಬಂದು ನಿಂತರು. ಮೂಲೆಯ ಮೇಜಿನಿಂದ ಹಿರಿಯರೊಬ್ಬರು ಎದ್ದೇ ಬಂದು, ಸಾಂಬಾರಿಗೆ ಬೆಲ್ಲ ಹೆಚ್ಚಾಗಿದೆ, ಹೋದ ವಾರವೂ ಹೀಗೇ ಇತ್ತು, ನಿಮ್ಮ ಲಕ್ಷ್ಯ ಎಲ್ಲಿದೆ ಎಂದು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡರು.

“ನಾನು ಗಣಿತ ಕಲಿಸುತ್ತೇನೆ,” ಎಂದರು ಟೀಚರ್ ಶುದ್ಧ ಮರಾಠಿಯಲ್ಲಿ.

“ಅದಕ್ಕೇ ಅಳತೆ ತಪ್ಪಿದೆ,” ಎಂದು ನಕ್ಕರು ಆ ಹಿರಿಯರು. ಪಕ್ಕದ ಮೇಜೂ ನಕ್ಕಿತು. ಅವರೆಲ್ಲರಿಗೂ ಅದೊಂದು ಒಳ್ಳೆಯ ಭಾನುವಾರ.

ಮ್ಯಾನೇಜರ್ ಮಹಾಶಯರು ನಮ್ಮನ್ನು ಏಸಿ ಕೋಣೆಯಲ್ಲಿ ಕೂರಿಸಿದರು. ಬಹಳ ವಿನಯ. ಟೀಚರಿಗೆ ಜೀವನಪರ್ಯಂತ ಉಚಿತ ಥಾಲಿ ಕೊಡುತ್ತೇವೆ ಎಂದರು. ಥಾಲಿ ಬೇಡ, “ಕೇಳದೆ ಫೋಟೋ ಬಳಸಿದ್ದೇವೆ, ಇವರು ನಮ್ಮವರಲ್ಲ” ಎಂದು ನಾಲ್ಕು ಸಾಲು ಬರೆದುಕೊಡಿ ಎಂದೆ. ವಿನಯ ಅಲ್ಲಿಗೆ ಮುಗಿಯಿತು. “ಬರೆದುಕೊಟ್ಟರೆ ಲೀಗಲ್ ಆಗುತ್ತದೆ ಮ್ಯಾಡಮ್. ಮಾಲೀಕ ಸೇಠರು ಊರಲ್ಲಿಲ್ಲ. ಬೇಕಿದ್ದರೆ ಫೋಟೋ ತೆಗೆಸಿಬಿಡುತ್ತೇನೆ, ಬಾತ್ ಖತಂ.”

ಮಾತು ಮುಗಿಯಲಿಲ್ಲ. ಮರುದಿನ ಅಕ್ಕ ಮಾಯವಾದಳು. ನಗುವಿಲ್ಲ, ಹಿಟ್ಟಿಲ್ಲ, ಆಫರ್ ಇಲ್ಲ, ಪುಟವೇ ಇಲ್ಲ. ಸಂಘದವರೂ ಜಾಣರಾಗಿ ರಾಜ್ಯೋತ್ಸವದ ಫೋಟೋಗಳನ್ನು ತೆಗೆದುಬಿಟ್ಟರು. ಪ್ರಸನ್ನ ಫೋನಿನಲ್ಲಿ ಹೇಳಿದ: “ಆಂಟಿ, ಡಿಲೀಟ್ ಮಾಡೀನಿ. ಈಗ ಖುಷ್?”

ಖುಷಿ ಹೇಗೆ ಆಗುತ್ತದೆ? ಆ ಪುಟವನ್ನು ಬೇರೆಯವರು ನಡೆಸುತ್ತಿದ್ದರು ಎಂದು ತೋರಿಸಲು ಇದ್ದ ದಾರಿಯೂ ಅದರೊಂದಿಗೇ ಹೋಯಿತು. ಆ ಫೋಟೋ ಹೋಟೆಲಿನಲ್ಲಿ ತೆಗೆದದ್ದಲ್ಲ, ಸಂಘದ ಊಟದಲ್ಲಿ ತೆಗೆದದ್ದು ಎಂದು ಹೇಳಲು ಸಾಕ್ಷಿಯೂ ಹೋಯಿತು. ಉಳಿದದ್ದು ಮುಖ್ಯಾಧ್ಯಾಪಕಿಯ ಫೈಲಿನ ಒಂದು ಹಾಳೆ ಮಾತ್ರ. ಹೋಟೆಲಿನವರೂ ಸಂಘದವರೂ ಅಳಿಸಿಕೊಂಡದ್ದು ತಮ್ಮ ತಪ್ಪನ್ನು. ಟೀಚರ ಮೇಲಿನ ಆರೋಪ ಇದ್ದಲ್ಲೇ ಇದೆ.

ಇದು ಒಬ್ಬ ಹುಡುಗನ ಚೇಷ್ಟೆ ಎಂದು ತಳ್ಳಿಹಾಕುವವರಿಗೆ ಹೇಳುತ್ತೇನೆ: ಅಲ್ಲ. ಹೋಟೆಲಿಗೆ ಮುಖ ಬೇಕೆಂದಾಗ ಅವನು ಮಾಲೀಕರ ಮುಖ ಹಾಕಲಿಲ್ಲ. ಅಧ್ಯಕ್ಷರದನ್ನು ಹಾಕಲಿಲ್ಲ, ತನ್ನ ತಂದೆಯದನ್ನೂ ಹಾಕಲಿಲ್ಲ. ಅಡುಗೆಗೆ ಕುಳಿತ, ನಡುವಯಸ್ಸಿನ ಒಬ್ಬ ಹೆಣ್ಣಿನ ಮುಖವನ್ನು ತೆಗೆದುಕೊಂಡ. ರೊಟ್ಟಿ ಬಡಿಯುವ ಹೆಂಗಸು ಎಲ್ಲರಿಗೂ ಸೇರಿದವಳು, ಅವಳನ್ನು ಕೇಳುವ ಅಗತ್ಯವಿಲ್ಲ ಎಂದು ಅವನಿಗೆ ಯಾರು ಕಲಿಸಿದರು? ಮನೆ ಕಲಿಸಿತು, ಸಂಘ ಕಲಿಸಿತು. ಹೋಟೆಲು ಅದರಿಂದ ಲಾಭ ಮಾಡಿಕೊಂಡಿತು. ಮಾಧ್ಯಮ ಹೊಸದಿರಬಹುದು, ಈ ಅಭ್ಯಾಸ ಬಹಳ ಹಳೆಯದು.

ನನ್ನನ್ನು ಜಗಳಗಂಟಿ ಎಂದು ಸಂಘದಲ್ಲಿ ಆಡಿಕೊಳ್ಳುತ್ತಿರುವುದು ಗೊತ್ತಿದೆ. ಹೋಟೆಲಿನ ಹೆಸರನ್ನು ಇಲ್ಲಿ ಬರೆದಿಲ್ಲ, ಭಯಕ್ಕಲ್ಲ. ಬರೆದರೆ ಅದೂ ಜಾಹೀರಾತಾಗುತ್ತದೆ, ಈ ಸಲ ಪುಕ್ಕಟೆ.

ಸಂಘದ ಅಧ್ಯಕ್ಷರಿಗೆ ಒಂದೇ ಕೋರಿಕೆ: ಆ ಫೋಟೋ ಸಂಘದ ಊಟದಲ್ಲಿ, ಸಂಘದ ಕೆಲಸಕ್ಕೆಂದು ತೆಗೆದದ್ದು ಎಂದು ಸಂಘದ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡಿ. ಎಳ್ಳುಬೆಲ್ಲ ಒಂದು ದಿನ ತಡವಾದರೂ ಕೆಡುವುದಿಲ್ಲ.

ಇನ್ನು ವರ್ಧಾ ರಸ್ತೆಯ ಹೋಟೆಲಿನ ಮಾಲೀಕರೇ, ನೀವು ಊರಿನಲ್ಲಿದ್ದೀರಿ, ನನಗೆ ಗೊತ್ತು. ಬರುವ ಸೋಮವಾರ ಮಧ್ಯಾಹ್ನ ಶಾಲೆಯ ಕಮಿಟಿ ಸೇರುತ್ತದೆ. “ಕಸ್ತೂರಿ ಟೀಚರ್ ನಮ್ಮಲ್ಲಿ ಪಾಲುದಾರರಲ್ಲ, ನೌಕರರಲ್ಲ, ಅವರನ್ನು ಕೇಳದೆ ಅವರ ಫೋಟೋ ಬಳಸಿದ್ದೇವೆ, ಅವರ ಮುಖದ ಪಕ್ಕದಲ್ಲಿ ಬಂದ ಮಾತುಗಳೆಲ್ಲ ನಮ್ಮವು” ಎಂದು ಬರೆದು, ಸಹಿ ಹಾಕಿ, ಕಮಿಟಿಯ ಕೈಗೆ ನೀವೇ ಕೊಡಿ. ಮ್ಯಾನೇಜರನ್ನು ಕಳಿಸಬೇಡಿ.